ಬೇಲಿಯಿಲ್ಲದ ನೆಲ (ಕಂತು ೯): ಬಲಗಿವಿ ಎಡಕ್ಕೆ

ಕ್ಲೆಮೆನ್ಸಿಯಾ ಅಜ್ಜಿಗೆ ಓದು ಬರುತ್ತಿರಲಿಲ್ಲ.

ಆದರೂ ಜುಸೇಲಿಯಾ ಮುಂದೆ ಹಿಡಿದ ಜೆರಾಕ್ಸ್ ಹಾಳೆಯನ್ನು ಆಕೆ ಕಸಿದುಕೊಂಡಂತೆ ತೆಗೆದುಕೊಂಡಳು. ಅಕ್ಷರಗಳಿದ್ದ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಮೂಲೆಯನ್ನು ಬಿಸಿಲಿಗೆ ಹಿಡಿದಳು. ಅಲ್ಲಿ ಒಂದು ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಆಡಿನ ಎರಡು ಕಿವಿ.

“ಇದು ನನ್ನ ತಮ್ಮ ಬರ್ದಿದ್ದಲ್ಲ ಕಣವ್ವ.”

“ಹೆಂಗೆ ಹೇಳ್ತೀರಿ ಅಜ್ಜಿ?”

“ಕಿವಿ ಅದಲುಬದಲಾಗಿದೆ.”

ತಮ್ಮ ಒಲೆಗಾರಿಯೊ ಪಾಳುಬಾವಿಯಲ್ಲಿ ಹೆಣವಾಗಿ ಸಿಕ್ಕಿ ಅಂದಿಗೆ ಹನ್ನೊಂದು ದಿನ. ಕಾಲು ಜಾರಿ ಬಿದ್ದದ್ದು ಎಂದು ಬರೆದು ಪೊಲೀಸ್ ಠಾಣೆಯಲ್ಲಿ ಕಡತ ಮುಚ್ಚಿದ್ದರು. ಅದೇ ಠಾಣೆಯ ತನಿಖಾಧಿಕಾರಿ ಜುಸೇಲಿಯಾ ಒಂದು ದಿನ ರಜೆ ಹಾಕಿ, ಸ್ವಂತ ಕಾರಿನಲ್ಲಿ, ಠಾಣೆಯಲ್ಲಿ ಯಾರಿಗೂ ಹೇಳದೆ ತಾಂಕಿ ವೇಲ್ಯೊ ಎಂಬ ಈ ಹದಿನಾಲ್ಕು ಮನೆಯ ಊರಿಗೆ ಬಂದಿದ್ದಳು.

ಹಾಳೆ ಅವಳಿಗೆ ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಸಿಕ್ಕಿತ್ತು. ಅದೊಂದು ಅಫಿಡವಿಟ್ಟು. ತಾಂಕಿ ವೇಲ್ಯೊದ ಗೋಮಾಳ ಯಾವತ್ತೂ ಊರಿನದ್ದಾಗಿರಲಿಲ್ಲ, ಸತ್ತುಹೋದ ಒಬ್ಬ ಜಮೀನ್ದಾರನದ್ದು, ಹದಿನಾಲ್ಕು ಮನೆಯವರೂ ಅವನ ಕೂಲಿಗೆ ಆಡು ಕಾಯುತ್ತಿದ್ದವರು ಎಂದು ಅದರಲ್ಲಿತ್ತು. ಜಮೀನ್ದಾರನ ವಾರಸುದಾರರಿಂದ ಆ ನೆಲವನ್ನು ಬೇರೆ ರಾಜ್ಯದ ಒಂದು ಕಂಪನಿ ಕೊಂಡಿತ್ತು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವುದಕ್ಕೆ.

ಹೀಗೆಂದು ಪ್ರಮಾಣ ಮಾಡಿದವನು ಒಲೆಗಾರಿಯೊ, ಊರಿನ ಸಂಘದ ಅಧ್ಯಕ್ಷ. ತಾರೀಖು, ಅವನು ಸಾಯುವುದಕ್ಕೆ ಮೂರು ವಾರ ಹಿಂದಿನದು.

ಹಿಂದಿನ ಭಾನುವಾರ ಕಂಪನಿಯ ವಕೀಲ ಇದೇ ಹಾಳೆಯನ್ನು ಚರ್ಚಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದ್ದ. ಓದಿ, ಟೋಪಿ ಹಾಕಿಕೊಂಡು ಹೋಗಿದ್ದ. ಅಂದಿನಿಂದ ಊರಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಧ್ಯಕ್ಷನೇ ನಮ್ಮನ್ನು ಮಾರಿ, ಮನಸ್ಸು ಚುಚ್ಚಿ ಬಾವಿಗೆ ಹಾರಿದ ಅಂದರು ಕೆಲವರು. ಐದು ಮನೆಯವರು, ಗೋಮಾಳ ಕೇಳಿ ಸಂಘ ಹಾಕಿದ್ದ ಅರ್ಜಿಯಿಂದ ಹೆಸರು ತೆಗೆಸುತ್ತೇವೆ ಎಂದು ಹೇಳಿ ಕಳಿಸಿದ್ದರು.

ಅರ್ಜಿ ಬಾಯಿಯಾ ರಾಜ್ಯದ ಭೂ ಕಚೇರಿಯಲ್ಲಿತ್ತು. ಗಡಿಯ ನದಿ ದಾಟಿದರೆ ಬೇರೆ ರಾಜ್ಯ, ಕಾನೂನು ಬೇರೆ. ಆದರೆ ಈ ದಡದಲ್ಲಿ, ಬೇಲಿಯಿಲ್ಲದ ಕುರುಚಲಿನಲ್ಲಿ ಹಲವು ಮನೆಯ ಆಡುಗಳು ಒಟ್ಟಿಗೆ ಮೇಯುತ್ತಿದ್ದರೆ, ಆ ನೆಲವನ್ನು ರಾಜ್ಯ ಊರಿನ ಸಂಘಕ್ಕೆ ಬಿಟ್ಟುಕೊಡಬಹುದಿತ್ತು. ಹಲವು ಮನೆಯವು ಎಂದು ತೋರಿಸುವುದು ಹೇಗೆ? ಕಿವಿ ತೋರಿಸಿ. ಪ್ರತಿ ಮನೆಗೂ ಒಂದು ಕಿವಿಗುರುತು, ಅಪ್ಪನಿಂದ ಮಗನಿಗೆ ಬಂದದ್ದು. ನಾಳೆ ಬೆಳಿಗ್ಗೆ ಎಂಟಕ್ಕೆ ರಾಜ್ಯದ ಸರ್ವೆಯರು ಬಂದು ಆಡು ಎಣಿಸಿ, ಗುರುತು ಬರೆದುಕೊಂಡು ಹೋಗುವುದಿತ್ತು. ತಪ್ಪಿದರೆ ಮೂರು ಸಾವಿರದ ಎಂಟುನೂರು ಹೆಕ್ಟೇರ್ ಕಂಪನಿಯದು.

“ಸರಿಯಾಗಿ ತೋರಿಸಿ ಅಜ್ಜಿ,” ಅಂದಳು ಜುಸೇಲಿಯಾ. “ಹೇಗೆ ಅದಲುಬದಲು?”

ಅಜ್ಜಿ ಅಂಗಳದಲ್ಲಿ ಕಟ್ಟಿದ್ದ ಹೋತದ ಹಿಂದಿನಿಂದ ಹೋಗಿ, ಲಂಗ ಎತ್ತಿ, ಅದರ ಬೆನ್ನಿನ ಮೇಲೆ ಕಾಲು ದಾಟಿಸಿ, ಎರಡೂ ಮೊಣಕಾಲಿನಿಂದ ಭುಜ ಒತ್ತಿ ಹಿಡಿದಳು. ಹೋತ ಒಮ್ಮೆ ಕುಪ್ಪಳಿಸಿ ಸುಮ್ಮನಾಯಿತು.

“ಕಿವಿ ಕೊಯ್ಯೋದು ಹಿಂಗೆ. ಹಿಂದಿಂದ. ಅದರ ಬಲ ನನ್ನ ಬಲ, ಅದರ ಎಡ ನನ್ನ ಎಡ. ಬರಿಯೋದೂ ಹಂಗೇ. ನಮ್ಮನೇದು ಬಲಗಿವಿ ತುದಿ ಮೊಂಡು, ಎಡಗಿವಿಗೆ ಎರಡು ಕಚ್ಚು. ನಿನ್ನ ಕಾಗದದಲ್ಲಿ ಮೊಂಡು ಎಡಕ್ಕದೆ.”

ಜುಸೇಲಿಯಾ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ಸಂಘದ ಅರ್ಜಿಯ ಪ್ರತಿ. ಅದರಲ್ಲಿ ಹದಿನಾಲ್ಕು ಗುರುತುಗಳನ್ನು ಒಲೆಗಾರಿಯೊ ತನ್ನ ಕೈಯಾರೆ ಬರೆದಿದ್ದ. ಮೊದಲನೆಯದೇ ಅವನದು. ಮೊಂಡು ಕಿವಿ ಬಲಕ್ಕಿತ್ತು. ಕೆಳಗೆ ಅವನ ಸಹಿ, ದಪ್ಪ ದಪ್ಪ ಅಕ್ಷರ. ಐವತ್ತನೇ ವಯಸ್ಸಿನಲ್ಲಿ ಸಂಜೆ ಶಾಲೆಗೆ ಹೋಗಿ ಕಲಿತ ಸಹಿ.

ಸಹಿ ಬರುವವನು ಹೆಬ್ಬೆಟ್ಟು ಯಾಕೆ ಒತ್ತಿದ?

ಅವಳು ಹಾಳೆಯನ್ನು ಮತ್ತೆ ನೋಡಿದಳು. ಹೆಬ್ಬೆಟ್ಟಿನ ಗೆರೆಗಳು ಒಂದು ಕಡೆಗೆ ಎಳೆದಂತೆ ಬಳಿದುಕೊಂಡಿದ್ದವು, ಬೇರೆ ಯಾರೋ ಬೆರಳು ಹಿಡಿದು ಒತ್ತಿದ ಹಾಗೆ. ಅಜ್ಜಿಯನ್ನು ಕೇಳುವುದು ಕಷ್ಟವೆನಿಸಿತು, ಆದರೂ ಕೇಳಿದಳು: ಹೆಣ ತೊಳೆದವರು ಯಾರು?

“ನಾನೇ. ಇನ್ಯಾರು.”

“ಬಲಗೈ ಹೆಬ್ಬೆರಳು ಹೇಗಿತ್ತು?”

ಅಜ್ಜಿ ಹೋತವನ್ನು ಬಿಟ್ಟಳು. ಲಂಗ ಕೊಡವಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. ಹೆಬ್ಬೆರಳು ನೀಲಿಗಟ್ಟಿತ್ತು. ಬೀಳುವಾಗ ಕಲ್ಲಿಗೆ ಜಜ್ಜಿದೆ ಅಂದುಕೊಂಡಿದ್ದಳು. ಸೋಪು ಹಾಕಿ ಉಜ್ಜಿದರೆ ನೀರು ನೀಲಿಯಾಯಿತು, ಬೆರಳಿನ ಬಣ್ಣ ಹೋಗಲಿಲ್ಲ.



ಹೆಣ ಸಹಿ ಹಾಕುವುದಿಲ್ಲ, ಹೆಬ್ಬೆಟ್ಟು ಕೊಡುತ್ತದೆ. ತಾರೀಖು ಸುಳ್ಳು. ಒಲೆಗಾರಿಯೊ ಸತ್ತಾಗ, ಅಥವಾ ಸತ್ತಮೇಲೆ, ಯಾರೋ ಅವನ ಕೈ ಹಿಡಿದು ಶಾಯಿಗೆ ಅದ್ದಿದ್ದರು. ಅದೇ ಹೊತ್ತಿಗೆ ಯಾರೋ ಪಕ್ಕದಲ್ಲಿ ಕುಳಿತು ಈ ಎರಡು ಕಿವಿ ಬರೆದಿದ್ದರು. ಕಿವಿ ಬರೆದವನು ಸಿಕ್ಕರೆ ಕೊಂದವನು ಸಿಗುತ್ತಾನೆ.

ಗುರುತಿನ ಕಚ್ಚುಗಳೆಲ್ಲ ಸರಿಯಾಗಿದ್ದವು. ಅಂದರೆ ಬರೆದವನಿಗೆ ಗುರುತು ಗೊತ್ತಿತ್ತು. ಗೊತ್ತಿದ್ದೂ ಎಡಬಲ ಅದಲುಬದಲಾಗಿ ನೋಡಿ ಅಭ್ಯಾಸ. ಅಂಥವನು ಯಾರು?

ಜುಸೇಲಿಯಾ ಎದ್ದು ಮನೆಯ ನೆರಳಿಗೆ ಹೋದಳು. ಗೋಡೆಗೆ ಒಂದು ಆಡಿನ ಚರ್ಮ ಒಣಗಲು ಹಾಕಿದ್ದರು. ಎರಡು ಕೋಲು ಅಡ್ಡ ಸಿಕ್ಕಿಸಿ ಬಿಗಿಯಾಗಿ ಹರಡಿದ್ದರು, ಕೂದಲು ಗೋಡೆಗೆ, ಮಾಂಸದ ಮೈ ಹೊರಗೆ, ಕತ್ತು ಮೇಲಕ್ಕೆ. ಕಿವಿ ಎರಡೂ ಚರ್ಮಕ್ಕೇ ಅಂಟಿಕೊಂಡಿದ್ದವು. ಕಿವಿಯಿಲ್ಲದ ಚರ್ಮವನ್ನು ಈ ಸೀಮೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕದ್ದ ಮಾಲು ಅನ್ನುತ್ತಾರೆ.

ಮೊಂಡು ಕಿವಿ ಎಡಕ್ಕಿತ್ತು.

ಒಳಮೈ ಕಡೆಯಿಂದ ನೋಡಿದರೆ ಬಲಗಿವಿ ಎಡಕ್ಕೆ ಬರುತ್ತಿತ್ತು.

“ಅಜ್ಜಿ, ಚರ್ಮ ಕೊಳ್ಳೋಕೆ ಯಾರು ಬರ್ತಾರೆ?”

“ನಿಕನೋರ್. ಅವನ ಗೋಡೌನಿಗೇ ಒಯ್ದು ಕೊಡ್ತೀವಿ. ಮೂವತ್ತು ವರ್ಷ ಆಯ್ತು.” ಹೇಳಿ ಮುಗಿಸುವ ಹೊತ್ತಿಗೆ ಅಜ್ಜಿಗೂ ಅರ್ಥವಾಗಿತ್ತು. ಬಾಯಿ ಒಣಗಿದವಳಂತೆ ತುಟಿ ಸವರಿಕೊಂಡಳು. “ಅವನು ನಮ್ಮ ಜೆನಿವಾಲ್ದೊಗೆ ಜ್ಞಾನತಂದೆ ಕಣವ್ವ. ಬ್ಯಾಪ್ಟಿಸಮ್ಮಿನಲ್ಲಿ ಮಗೂನ ಎತ್ತಿ ಹಿಡಿದೋನು.”

ಜೆನಿವಾಲ್ದೊ ಒಲೆಗಾರಿಯೊನ ಒಬ್ಬನೇ ಮಗ. ಮೂವತ್ತೊಂದು ವರ್ಷ. ಆಗ ಬಾಗಿಲ ಹೊಸ್ತಿಲಲ್ಲಿ ಕುಳಿತು, ಬಟ್ಟಲಲ್ಲಿ ಜೋಳದ ಹಿಟ್ಟಿನ ಕುಸ್ಕುಸ್ ತಿನ್ನುತ್ತ ಎಲ್ಲವನ್ನೂ ಕೇಳುತ್ತಿದ್ದ. ಅಪ್ಪ ಹೋದಮೇಲೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನಾಲ್ಕು ದಿನ ಕುರುಚಲು ಅಲೆದು ಹದಿನಾಲ್ಕು ಮನೆಯ ಎಂಬತ್ತಾರು ಆಡುಗಳನ್ನು ಹುಡುಕಿ ತಂದು ಮೇಲಿನ ದೊಡ್ಡಿಯಲ್ಲಿ ಕೂಡಿದ್ದ. ಉಳಿದವು ಗುಡ್ಡದಾಚೆ, ವಾರ ಹುಡುಕಿದರೂ ಸಿಗುವಂಥವಲ್ಲ. ಸರ್ವೆಯರು ಬಂದಾಗ ಆಡು ಕಾಡಿನಲ್ಲಿ ಚೆದುರಿ ಹೋಗಿದ್ದರೆ ಕೆಲಸ ಕೆಡುತ್ತದೆ, ಮೊದಲೇ ಕೂಡಿಹಾಕಿ ಎಂದು ಹಿಂದಿನ ವಾರ ಹೇಳಿದ್ದು ಜುಸೇಲಿಯಾಳೇ.

ನಾನು ಈಗಲೇ ನಿಕನೋರನ ಗೋಡೌನಿಗೆ ಹೋಗುತ್ತೇನೆ ಎಂದಳು.

ಜೆನಿವಾಲ್ದೊ ಬಟ್ಟಲು ಕೆಳಗಿಟ್ಟ. “ಒಬ್ರೇ ಹೋಗ್ತೀರಾ ಅಕ್ಕ?”

“ಮತ್ತೆ ನಿನ್ನನ್ನ ಕರ್ಕೊಂಡು ಹೋದ್ರೆ ನೀನು ಅವನ ಕುತ್ತಿಗೆ ಹಿಡೀತೀಯ.”

ಅವನು ನಗಲಿಲ್ಲ. ಆಡುಗಳಿಗೆ ನೀರು ಹಾಕಿ ಬರುತ್ತೇನೆ ಎಂದು ಬೈಕು ಒದ್ದು ಗುಡ್ಡದ ದಾರಿ ಹಿಡಿದ. ಧೂಳು ತುಂಬಾ ಹೊತ್ತು ಇಳಿಯಲಿಲ್ಲ.

*

ಊರ ಹೊರಗಿನ ತಿರುವಿನಲ್ಲಿ ಜಾಲಿ ಮರದ ಕೆಳಗೆ ಬೂದು ಬಣ್ಣದ ಪಿಕಪ್ ನಿಂತಿತ್ತು. ನಂಬರ್ ಪ್ಲೇಟು ಇರಲಿಲ್ಲ. ಗಾಜು ಏರಿಸಿದ್ದರು, ಎಂಜಿನ್ ಓಡುತ್ತಿತ್ತು.

ಜುಸೇಲಿಯಾ ವೇಗ ಕಡಿಮೆ ಮಾಡಲಿಲ್ಲ. ಪಿಸ್ತೂಲು ಸೀಟಿನ ಕೆಳಗಿತ್ತು. ಅದನ್ನು ತೆಗೆಯಲು ಬಗ್ಗಿದರೆ ರಸ್ತೆ ತಪ್ಪುತ್ತದೆ. ಹಿಂದಿನಿಂದ ಗುದ್ದುತ್ತಾರೆ ಎಂದು ಕಾದಳು. ಈ ರಸ್ತೆಯಲ್ಲಿ ಗುದ್ದಿದರೆ ಕೆಳಗೆ ಕಲ್ಲುಗುಂಡಿ. ಅದನ್ನೂ ಕಾಲು ಜಾರಿ ಬಿದ್ದದ್ದು ಎಂದೇ ಬರೆಯುತ್ತಾರೆ, ಅವಳ ಠಾಣೆಯಲ್ಲೇ, ಅವಳ ಪಕ್ಕದ ಮೇಜಿನಲ್ಲಿ.

ಕನ್ನಡಿಯಲ್ಲಿ ನೋಡಿದಳು. ಪಿಕಪ್ ಅಲ್ಲೇ ನಿಂತಿತ್ತು. ಹಿಂಬಾಲಿಸಲಿಲ್ಲ.

ಬದುಕಿದೆ ಅಂದುಕೊಂಡಳು. ಒಂದು ಗಂಟೆ ದಾರಿಯುದ್ದಕ್ಕೂ ಹಾಗೇ ಅಂದುಕೊಂಡಿದ್ದಳು.

*

ನಿಕನೋರನ ಗೋಡೌನು ಪೇಟೆಯ ತುದಿಯಲ್ಲಿತ್ತು. ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು: ಉಪ್ಪು, ಕೊಬ್ಬು, ಹಸಿ ಚರ್ಮ. ಒಳಗೆ ಚರ್ಮಗಳನ್ನು ಒಂದರ ಮೇಲೊಂದು ಸೊಂಟದೆತ್ತರ ಪೇರಿಸಿದ್ದರು. ಪ್ರತಿ ರಾಶಿಯ ಎರಡೂ ಬದಿಗೆ ಕಿವಿಗಳು ಸಾಲಾಗಿ ಇಣುಕುತ್ತಿದ್ದವು.

ನಿಕನೋರನಿಗೆ ಅರವತ್ತೈದು. ದಪ್ಪ, ಬಿಳಿ ಅಂಗಿ, ಕೈಯಲ್ಲಿ ಉಪ್ಪು ಕಚ್ಚಿದ ಬಿರುಕುಗಳು. ಅವಳನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಅವಳು ಆಗಲೇ ಗಮನಿಸಬೇಕಿತ್ತು.

ಕೂರಿಸಿದ. ಸಣ್ಣ ಗ್ಲಾಸಿನಲ್ಲಿ ಕಾಫಿ ಕೊಟ್ಟ, ಹಲ್ಲು ಜುಮ್ಮೆನ್ನುವಷ್ಟು ಸಿಹಿ. ಒಲೆಗಾರಿಯೊನ ಬಗ್ಗೆ ತಾನಾಗಿಯೇ ಮಾತೆತ್ತಿದ. ಇಬ್ಬರೂ ಇಪ್ಪತ್ತು ವರ್ಷದವರಿದ್ದಾಗ ಉಪ್ಪು ತರಲು ಕತ್ತೆ ಹೊಡೆದುಕೊಂಡು ನದಿತನಕ ಹೋಗಿದ್ದು, ವಾಪಸು ಬರುವಾಗ ಮಳೆ ಬಂದು ಉಪ್ಪೆಲ್ಲ ಕರಗಿ ಕತ್ತೆ ಬರಿಬೆನ್ನಲ್ಲಿ ಬಂದದ್ದು. ಕಥೆ ಉದ್ದವಾಗಿತ್ತು. ಇನ್ನೊಂದು ಗ್ಲಾಸು ಕಾಫಿ ಬಂತು. ಚರ್ಮ ಮಾರಲು ಬಂದ ಒಬ್ಬ ಗಿರಾಕಿಯನ್ನು ಅರ್ಧ ಗಂಟೆ ಮಾತಾಡಿಸಿ ಕಳಿಸಿದ. ಆಮೇಲೆ ಲೆಕ್ಕದವನು ಬರಲಿ ಎಂದ. ಲೆಕ್ಕದವನು ಬರಲಿಲ್ಲ.

ಜುಸೇಲಿಯಾ ಅವನು ಗಿರಾಕಿಯ ಚರ್ಮ ನೋಡುವುದನ್ನೇ ನೋಡುತ್ತಿದ್ದಳು. ಮೇಜಿನ ಮೇಲೆ ಕೂದಲು ಕೆಳಗೆ ಮಾಡಿ ಹರಡಿದ. ಚಾಕು ತಾಗಿ ತೂತಾಗಿದೆಯೇ ಎಂದು ಅಂಗೈ ಸವರಿ ನೋಡಿದ. ಕಿವಿ ಬಿಡಿಸಿ, ಗುರುತನ್ನು ಪುಸ್ತಕದಲ್ಲಿ ಹಾಗೇ ಬರೆದುಕೊಂಡ. ಪೊಲೀಸರು ಕೇಳಿದರೆ ಇರಲಿ ಎಂದು ಎಲ್ಲ ಚರ್ಮದ ವ್ಯಾಪಾರಿಗಳೂ ಇಟ್ಟುಕೊಳ್ಳುವ ಪುಸ್ತಕ ಅದು.

ಮೂರೂವರೆಯ ಹೊತ್ತಿಗೆ ಅವಳು ಗ್ಲಾಸು ಪಕ್ಕಕ್ಕಿಟ್ಟಳು.

“ಯಜಮಾನ್ರೇ, ಒಂದು ಉಪಕಾರ. ಒಲೆಗಾರಿಯೊ ಮನೆ ಗುರುತು ನಂಗೊಮ್ಮೆ ಬರ್ದು ತೋರಿಸಿ.”

“ಅದಕ್ಕೇನಂತೆ. ಕಣ್ಣು ಮುಚ್ಚಿ ಬರೀತೀನಿ.”

ನಿಜಕ್ಕೂ ಅವನು ನೋಡದೆಯೇ ಬರೆದ. ಎರಡು ಕಿವಿ. ಬಲಕ್ಕೆ ಎರಡು ಕಚ್ಚು. ಎಡಕ್ಕೆ ಮೊಂಡು.

ಅವಳು ಅಫಿಡವಿಟ್ಟಿನ ಜೆರಾಕ್ಸ್ ತೆಗೆದು ಅದರ ಪಕ್ಕದಲ್ಲಿಟ್ಟಳು. ಅದೇ ಕೈ. ಕಚ್ಚಿನ ಗೆರೆ ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆಯುವ ಅಭ್ಯಾಸವೂ ಅದೇ. ಆಮೇಲೆ ಸಂಘದ ಅರ್ಜಿ. ಅದರಲ್ಲಿ ಮೊಂಡು ಬಲಕ್ಕೆ.

“ಆಡು ಕಾಯೋರು ಹೀಗೆ ಬರೆಯಲ್ಲ,” ಅಂದಳು. “ಚರ್ಮ ಕೊಳ್ಳೋರು ಬರೀತಾರೆ.”

ನಿಕನೋರ್ ಮೂರು ಹಾಳೆಗಳನ್ನೂ ನೋಡಿದ. ತುಂಬಾ ಹೊತ್ತು ನೋಡಿದ. ಮೂವತ್ತು ವರ್ಷದಲ್ಲಿ ಅವನಿಗೆ ಇದು ಹೊಳೆದೇ ಇರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಸಿಕ್ಕಿಬಿದ್ದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನಾಚಿಕೆ ಅನಿಸಿದಂತಿತ್ತು.

ಎದ್ದು ಹೋಗಿ ಬಾಗಿಲು ಎಳೆದ. ಗೋಡೌನು ಅರೆಗತ್ತಲೆಯಾಯಿತು. ಅವಳ ಕೈ ಚೀಲದೊಳಗೆ ಹೋಯಿತು, ಕಾರಿನಿಂದ ತಂದಿದ್ದ ಪಿಸ್ತೂಲಿನ ಹಿಡಿ ಸಿಕ್ಕಿತು.

“ಅದನ್ನ ತೆಗೀಬೇಡಿ ಮೇಡಂ. ನಾನು ಏನೂ ಮಾಡಲ್ಲ. ನಂಗೆ ಆ ಶಕ್ತಿ ಇದ್ದಿದ್ರೆ ಆವತ್ತೇ ಮಾಡ್ತಿದ್ದೆ.”

“ಆವತ್ತು ಏನಾಯ್ತು?”

“ಅವನು ಆಗಲೇ ಸತ್ತಿದ್ದ.”

ಅವನು ಮೂಲೆಯ ಉಪ್ಪಿನ ರಾಶಿಯ ಕಡೆ ಕೈ ತೋರಿಸಿದ. ಅಲ್ಲಿ ಮಲಗಿಸಿದ್ದರಂತೆ. ತಲೆಯ ಹಿಂಭಾಗ ಒಡೆದಿತ್ತು, ಉಪ್ಪು ರಕ್ತ ಕುಡಿಯಿತು. ಇಬ್ಬರು ಗಂಡಸರು, ಮುಖಕ್ಕೆ ಬಟ್ಟೆ ಇರಲಿಲ್ಲ. ತಾವು ಯಾರೆಂದು ಗೊತ್ತಾದರೂ ಚಿಂತೆಯಿಲ್ಲ ಎನ್ನುವಂಥವರು. ಕಾಗದ ಟೈಪಾಗಿ ತಯಾರಿತ್ತು. ಹೆಬ್ಬೆಟ್ಟಿನ ಪಕ್ಕ ಮನೆಯ ಗುರುತು ಬರೆಯುವುದು ಈ ಸೀಮೆಯ ಪದ್ಧತಿ, ಅದಿಲ್ಲದಿದ್ದರೆ ಊರವರು ನಂಬುವುದಿಲ್ಲ ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಬರಿ ಅಂದರು. ಬರೆದ. ರಕ್ತ ಕುಡಿದ ಉಪ್ಪನ್ನು ಮರುದಿನ ತಾನೇ ಹೊರಗೆ ಸುರಿದು, ಹೊಸ ಉಪ್ಪು ತರಿಸಿದ.

“ಬೆರಳು ಅದ್ದಿದ್ದು ನಾನಲ್ಲ,” ಅಂದ. “ಅದು ಮಾತ್ರ ನಾನಲ್ಲ.”

“ಗುರುತಿನ ಪದ್ಧತಿ ಹೇಳಿಕೊಟ್ಟದ್ದು ಯಾರು? ಅದು ಕಂಪನಿಯವರಿಗೆ ಗೊತ್ತಾಗೋ ಮಾತಲ್ಲ. ಊರೊಳಗಿನವರೇ ಹೇಳಿರಬೇಕು.”

ಅವನು ಮೇಜಿನ ಮೇಲಿದ್ದ ಗಿರಾಕಿಯ ಚರ್ಮಕ್ಕೆ ಉಪ್ಪು ಎರಚಿ ತಿಕ್ಕತೊಡಗಿದ, ಅವಳು ಅಲ್ಲಿಲ್ಲವೇನೋ ಎಂಬಂತೆ.

ನಾಳೆ ಬೆಳಿಗ್ಗೆ ಸರ್ವೆಯರ ಮುಂದೆ ಇಷ್ಟನ್ನೇ ಹೇಳಿ ಎಂದು ಅವಳು ಒತ್ತಾಯಿಸಿದಳು. ರಕ್ಷಣೆ ಕೊಡಿಸುತ್ತೇನೆ ಎಂದಳು. ಹೇಳುವಾಗಲೇ ಅದು ಪೊಳ್ಳು ಮಾತೆಂದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಹದಿನಾಲ್ಕು ಮನೆ ಬೀದಿಗೆ ಬೀಳುತ್ತವೆ, ನಿಮ್ಮ ಜೀವದ ಗೆಳೆಯ ಸತ್ತಮೇಲೂ ಊರು ಮಾರಿದವನಾಗಿ ಉಳಿಯುತ್ತಾನೆ ಎಂದಳು. ಅದು ಪೊಳ್ಳಲ್ಲ.

ನಿಕನೋರ್ ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷ.

“ನಾಳೆ ನಾನು ಏನು ಹೇಳಿದ್ರೂ ಒಂದೇ ಮೇಡಂ.”

“ಯಾಕೆ?”

“ನೀವು ಬರ್ತೀರಿ ಅಂತ ನಂಗೆ ಗೊತ್ತಿತ್ತು. ಒಂದೂವರೆಗೆ ಫೋನ್ ಬಂತು. ಬಂದ್ರೆ ನಾಲ್ಕರ ತನಕ ಬಿಡಬೇಡ, ಕಾಫಿ ಕೊಟ್ಟು ಕೂರಿಸ್ಕೋ ಅಂದ್ರು.” ಉಪ್ಪಿನ ಕೈಯನ್ನು ಅಂಗಿಗೆ ಒರೆಸಿಕೊಂಡ. “ಕೂರಿಸ್ಕೊಂಡೆ.”

ಪಿಕಪ್ ಯಾಕೆ ಹಿಂಬಾಲಿಸಲಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಅವರಿಗೆ ಬೇಕಾಗಿದ್ದು ಅವಳಲ್ಲ, ಅವಳಿಲ್ಲದ ಊರು.

“ಫೋನ್ ಮಾಡಿದ್ದು ಯಾರು?”

“ಅದೊಂದು ಕೇಳಬೇಡಿ.”

“ನಿಕನೋರ್ ಅವರೇ.”

“ಕಾಲಿಗೆ ಬೀಳ್ತೀನಿ, ಅದೊಂದು ಕೇಳಬೇಡಿ,” ಅಂದ. ಬೀಳಲಿಲ್ಲ. ಕುರ್ಚಿಯ ಮೇಲೆ ಕುಳಿತು ಮುಖವನ್ನು ಉಪ್ಪಿನ ಕೈಗಳಲ್ಲಿ ಮುಚ್ಚಿಕೊಂಡ. ಉಪ್ಪು ಕಣ್ಣಿಗೆ ತಾಗಿದರೂ ಕೈ ತೆಗೆಯಲಿಲ್ಲ.

*

ಜುಸೇಲಿಯಾ ಒಂದು ಗಂಟೆಯ ದಾರಿಯನ್ನು ನಲವತ್ತು ನಿಮಿಷದಲ್ಲಿ ಓಡಿಸಿದಳು. ಠಾಣೆಗೆ ಎರಡು ಸಲ ಫೋನ್ ಮಾಡಿದಳು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಅವಳ ಮೇಲಧಿಕಾರಿಯೇ ಎತ್ತಿ, ರಜೆಯ ದಿನ ಮನೆಯಲ್ಲಿರುವುದು ಒಳ್ಳೆಯದು ಎಂದು ಹೇಳಿ ಇಟ್ಟ. ಆಮೇಲೆ ಸಿಗ್ನಲ್ ಹೋಯಿತು.

ಒಂದೂವರೆಗೆ ಫೋನ್ ಬಂದಿತ್ತು. ಗೋಡೌನಿಗೆ ಹೋಗಬೇಕೆಂದು ಅವಳು ತೀರ್ಮಾನ ಮಾಡಿದ್ದು ಒಂದು ಗಂಟೆಗೆ, ಅಜ್ಜಿಯ ಅಂಗಳದಲ್ಲಿ, ಒಣಗಿದ ಚರ್ಮದ ಮುಂದೆ ನಿಂತು. ಅದಕ್ಕೂ ಮೊದಲು ಅವಳಿಗೇ ಗೊತ್ತಿರಲಿಲ್ಲ. ಆಗ ಅಲ್ಲಿ ಇದ್ದವರು ಮೂವರು. ಅವಳು, ಅಜ್ಜಿ, ಜೆನಿವಾಲ್ದೊ.

ಅಜ್ಜಿಯ ಹತ್ತಿರ ಫೋನ್ ಇಲ್ಲ. ಊರಿನಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವುದು ಗುಡ್ಡದ ಮೇಲೆ, ದೊಡ್ಡಿಯ ಹತ್ತಿರ.

ಅವಳು ಆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದಳು. ತಂದೆಯ ಹೆಣದ ಮುಂದೆ ಆ ಮಗ ನಿಂತಿದ್ದ ರೀತಿ ಅವಳು ಕಂಡಿದ್ದಳು. ಅವನಾಗಿರಲಾರ ಅನಿಸಿತು. ಹಾಗೆ ಅನಿಸಿದ್ದೆಲ್ಲ ಸುಳ್ಳಾದ ಮೊಕದ್ದಮೆಗಳು ಅವಳ ಹನ್ನೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಇದ್ದವು.

ತಿರುವಿನಲ್ಲಿ ಪಿಕಪ್ ಇರಲಿಲ್ಲ. ಚಕ್ರದ ಗುರುತು ಗುಡ್ಡದ ಕಡೆಗೆ ಹೋಗಿತ್ತು, ಮತ್ತೆ ಇಳಿದು ಬಂದಿತ್ತು.

ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳಗೆ ಜನರಿದ್ದರು, ಒಂದು ಮನೆಯಲ್ಲಿ ಮಗು ಅತ್ತಿತು, ಯಾರೋ ಬಾಯಿ ಮುಚ್ಚಿದರು. ಕಾರು ನಿಲ್ಲಿಸಿ ಕೂಗಿದರೂ ಯಾರೂ ಬರಲಿಲ್ಲ. ಒಂದು ಕಿಟಕಿಯಿಂದ ಮಾತ್ರ ಒಬ್ಬ ಹೆಂಗಸು, ಮುಖ ತೋರಿಸದೆ, ಅಜ್ಜಿ ಮೇಲಕ್ಕೆ ಹೋದಳು ಎಂದಳು.

ಕಾರು ಹತ್ತದ ಕಡೆ ಇಳಿದು, ಪಿಸ್ತೂಲು ಕೈಯಲ್ಲಿ ಹಿಡಿದು ನಡೆದಳು. ಬಿಸಿಲು ಇಳಿಯುತ್ತಿತ್ತು. ಕಳ್ಳಿಯ ನೆರಳುಗಳು ಉದ್ದವಾಗಿ ದಾರಿಗೆ ಅಡ್ಡ ಬಿದ್ದಿದ್ದವು, ಪ್ರತಿಯೊಂದೂ ಒಬ್ಬ ಮನುಷ್ಯ ನಿಂತಂತೆ ಕಾಣುತ್ತಿತ್ತು. ಎರಡು ಸಲ ಅವಳು ನಿಂತು ನೆರಳಿಗೆ ಗುರಿ ಹಿಡಿದಳು.

ಆಡುಗಳ ಸದ್ದು ಮೊದಲು ಕೇಳಿಸಿತು. ಅರಚಾಟವಲ್ಲ. ಎಲ್ಲವೂ ಒಟ್ಟಿಗೆ ತಲೆ ಕೊಡವುವ ಸದ್ದು, ನಿಲ್ಲದೆ, ಒದ್ದೆ ಬಟ್ಟೆ ಕೊಡವಿದ ಹಾಗೆ.

ದೊಡ್ಡಿಯ ಒಳಗೆ ಕ್ಲೆಮೆನ್ಸಿಯಾ ಅಜ್ಜಿ ನಿಂತಿದ್ದಳು. ಸುತ್ತಲೂ ಆಡುಗಳು ಮುಗಿಬಿದ್ದಿದ್ದವು. ಅವುಗಳ ಕತ್ತು, ಗಲ್ಲ, ಎದೆ ಕೆಂಪಾಗಿತ್ತು, ನೊಣ ಮುತ್ತಿಕೊಂಡಿತ್ತು. ತಲೆಯ ಎರಡೂ ಕಡೆ ಏನೂ ಇರಲಿಲ್ಲ. ಬುಡಕ್ಕೇ ಕೊಯ್ದಿದ್ದರು.

ಅಜ್ಜಿ ಒಂದೊಂದರ ನೆತ್ತಿಯ ಮೇಲೂ ಕೈಯಿಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ಯಾವುದು ಯಾರದೆಂದು ಬಣ್ಣ ನೋಡಿ, ಕೊಂಬು ನೋಡಿ ಹೇಳಬಲ್ಲಳು ಆಕೆ. ಆದರೆ ನಾಳೆ ಎಂಟಕ್ಕೆ ಬರುವ ಸರ್ವೆಯರಿಗೆ ಅಜ್ಜಿಯ ನೆನಪು ಸಾಕ್ಷಿಯಲ್ಲ. ಕಿವಿಯಿಲ್ಲದ ಆಡು ಯಾರದ್ದೂ ಅಲ್ಲ. ಕಾಗದ ಇದ್ದವನದು.

“ಕಿವಿ ಎಲ್ಲಿ ಅಜ್ಜಿ?”

“ಚೀಲದಲ್ಲಿ ತುಂಬ್ಕೊಂಡು ಹೋದ್ರಂತೆ. ಒಂದೂ ಬಿಟ್ಟ ಹಾಗಿಲ್ಲ.”

“ಜೆನಿವಾಲ್ದೊ?”

ಅಜ್ಜಿ ತಲೆ ಎತ್ತಲಿಲ್ಲ. ಬೈಕು ದೊಡ್ಡಿಯ ಹಿಂದೆ ಬಿದ್ದಿತ್ತು. ಕೂಗಿ ಕೂಗಿ ಗಂಟಲು ಹೋಯಿತು, ಉತ್ತರವಿಲ್ಲ ಎಂದಳು. ಸುತ್ತ ರಕ್ತ ಇರುವುದೆಲ್ಲ ಆಡಿನದು, ತಾನು ಮೂಸಿ ನೋಡಿದ್ದೇನೆ ಎಂದಳು.

ಜುಸೇಲಿಯಾ ಗೇಟಿನ ಹತ್ತಿರ ಬಗ್ಗಿದಳು. ಸರಪಳಿ ಕತ್ತರಿಸಿರಲಿಲ್ಲ. ಬೀಗ ಒಡೆದಿರಲಿಲ್ಲ. ಬೀಗ ತೆರೆದು, ಸರಪಳಿಯ ಕೊಂಡಿಗೆ ನೀಟಾಗಿ ಸಿಕ್ಕಿಸಿ ಇಟ್ಟಿದ್ದರು, ತಮ್ಮದೇ ವಸ್ತು ಕಳೆಯಬಾರದು ಅನ್ನುವವರ ಹಾಗೆ.

“ಬೀಗದ ಕೈ ಎಷ್ಟು ಜನದ ಹತ್ರ ಇದೆ?”

“ಒಂದೇ ಇರೋದು.” ಅಜ್ಜಿ ಕೊನೆಯ ಆಡಿನ ನೆತ್ತಿಯ ಮೇಲೆ ಕೈಯಿಟ್ಟು ನಿಂತಳು. “ಅವನ ಕೊರಳ ದಾರದಲ್ಲಿ.”

ಕುತ್ತಿಗೆಗೆ ಕತ್ತಿಯಿಟ್ಟು ತೆಗೆಸಿದರೋ, ಅವನೇ ತೆಗೆದುಕೊಟ್ಟನೋ. ಎರಡರಲ್ಲಿ ಯಾವುದನ್ನು ಬಯಸಬೇಕೆಂದು ಅಜ್ಜಿಗೂ ಗೊತ್ತಾಗಲಿಲ್ಲ, ಜುಸೇಲಿಯಾಳಿಗೂ ಗೊತ್ತಾಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅವಳು ಜೇಬಿನ ಪುಸ್ತಕ ತೆಗೆದು, ಕಾಣೆಯಾದದ್ದನ್ನೆಲ್ಲ ಬೆಳಕಿರುವಾಗಲೇ ಬರೆದುಕೊಂಡಳು.

ಕಿವಿ, ನೂರ ಎಪ್ಪತ್ತೆರಡು. ಮನೆಗುರುತು, ಹದಿನಾಲ್ಕು. ಗಂಡಸು, ಒಬ್ಬ.